ಕತ್ತಿಯ ಹೊಗಳಿಕೆ, ಕಿಟ್ಟದ ಸಾಕ್ಷ್ಯ

ನಮ್ಮ ನಾಡಿನ ಹಳೆಯ ಲೋಹವಿದ್ಯೆಯನ್ನು ಕುರಿತ ಜನಪ್ರಿಯ ಲೇಖನಗಳನ್ನು ನೀವು ಓದಿರುತ್ತೀರಿ. ಬಹುಪಾಲು ಲೇಖನಗಳು ಒಂದೇ ಜಾಡಿನಲ್ಲಿ ಸಾಗುತ್ತವೆ. ಡಮಾಸ್ಕಸ್ ಖಡ್ಗದ ವರ್ಣನೆಯಿಂದ ಆರಂಭ. ಆ ಖಡ್ಗಕ್ಕೆ ಬೇಕಾದ ಉಕ್ಕು ದಕ್ಷಿಣ ಭಾರತದಿಂದ ಹೋಗುತ್ತಿತ್ತು, 'ವೂಟ್ಸ್' ಎಂಬ ಹೆಸರೇ ನಮ್ಮ 'ಉಕ್ಕು' ಪದದಿಂದ ಹುಟ್ಟಿದ್ದು ಎಂಬ ಮಾತು ಮುಂದೆ ಬರುತ್ತದೆ. ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧ, ಮೈಕೆಲ್ ಫ್ಯಾರಡೆ 1819ರಲ್ಲಿ ಮಾಡಿದ ವಿಶ್ಲೇಷಣೆ, ಕೊನೆಗೆ 2006ರಲ್ಲಿ ವರದಿಯಾದ ಇಂಗಾಲದ ನ್ಯಾನೋನಳಿಕೆಗಳು. ಅಲ್ಲಿಗೆ ಲೇಖನ ಮುಗಿಯುತ್ತದೆ.

ಇವುಗಳಲ್ಲಿ ಸುಳ್ಳು ಬಹಳವಿಲ್ಲ. ಕೊರತೆ ಮಾತ್ರ ದೊಡ್ಡದು. ಖಡ್ಗಕ್ಕೆ ಮೊದಲು ಉಕ್ಕು ಇರಬೇಕು, ಉಕ್ಕಿಗೆ ಮೊದಲು ಕಬ್ಬಿಣ, ಕಬ್ಬಿಣಕ್ಕೆ ಮೊದಲು ಅದಿರು, ಇದ್ದಿಲು, ತಿದಿ, ಕುಲುಮೆ. ಈ ಸರಪಳಿಯಲ್ಲಿ ನೆಲದ ಮೇಲೆ ಇಂದಿಗೂ ಉಳಿದಿರುವ ವಸ್ತು ಕತ್ತಿಯಲ್ಲ. ಕುಲುಮೆಯಿಂದ ಹೊರಹಾಕಿದ ಕಿಟ್ಟ. ನಮ್ಮ ಬರಹಗಳು ಕತ್ತಿಯನ್ನು ಹೊಗಳಿ ಕಿಟ್ಟವನ್ನು ದಾಟಿಹೋಗುತ್ತವೆ. ಇದರಿಂದ ವಿಜ್ಞಾನ ಶಿಕ್ಷಣಕ್ಕೆ ಆಗುವ ನಷ್ಟವೇನು ಎಂಬುದನ್ನು, ಆದಿ ಆಧುನಿಕ ಕಾಲದ (ಸುಮಾರು 1500ರಿಂದ 1850) ಗಣಿ ಮತ್ತು ಕುಲುಮೆಗಳ ಅವಶೇಷಗಳನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸೋಣ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಿಕ್ಷಕರು, ವಿದ್ಯಾರ್ಥಿಗಳು ನನ್ನ ಕಣ್ಣಮುಂದಿದ್ದಾರೆ. ಆದರೆ ವಿಷಯ ಇಡೀ ಹಳೆಯ ಮೈಸೂರು ಸೀಮೆಯದು.

ಬುಕಾನನ್ ಕಂಡದ್ದು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ. ಅವನ ಪ್ರವಾಸ ಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. 1800ರ ಉತ್ತರಾರ್ಧದಲ್ಲಿ ಅವನು ನಂಜನಗೂಡು, ನರಸೀಪುರಗಳ ಮೂಲಕವೂ ಹಾದುಹೋದ. ಅದಕ್ಕೆ ಮುನ್ನ ಮಾಗಡಿ ಬಳಿಯ ಘಟ್ಟಿಪುರ, ಮಧುಗಿರಿ–ಚನ್ನರಾಯನದುರ್ಗದ ಸುತ್ತಮುತ್ತ ಕಬ್ಬಿಣ ಮತ್ತು ಉಕ್ಕಿನ ಕೆಲಸವನ್ನು ಅವನು ಸಾಕಷ್ಟು ವಿವರವಾಗಿ ಬರೆದುಕೊಂಡಿದ್ದ.

ವಿಜ್ಞಾನದ ವಿದ್ಯಾರ್ಥಿಗೆ ಆ ಪುಟಗಳು ಇಂದಿಗೂ ಬೆಲೆಯುಳ್ಳವು. ಮಳೆಗಾಲದಲ್ಲಿ ಬೆಟ್ಟದಿಂದ ಇಳಿಯುವ ತೊರೆಗಳು ತಂದ ಕಪ್ಪು ಮರಳನ್ನು ಸಂಗ್ರಹಿಸುವುದು, ಇದ್ದಿಲು ಸುಡುವುದು, ತಿದಿ ಒತ್ತುವುದು, ಮುದ್ದೆಯನ್ನು ಬಡಿಯುವುದು, ಈ ಕೆಲಸಗಳನ್ನು ಯಾರು ಯಾರು ಮಾಡುತ್ತಾರೆ, ಉತ್ಪನ್ನದಲ್ಲಿ ಯಾರಿಗೆ ಎಷ್ಟು ಪಾಲು ಎಂದು ಅವನು ಲೆಕ್ಕ ಹಾಕಿದ್ದಾನೆ. ಉಕ್ಕಿನ ಮೂಸೆಯೊಳಗೆ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿಯನ್ನೂ ಹಸಿ ಎಲೆಗಳನ್ನೂ ಇಡುತ್ತಿದ್ದರೆಂದು ದಾಖಲಿಸಿದ್ದಾನೆ. ಆ ಉಕ್ಕು ಎಲ್ಲಿಗೆ ಹೋಗುತ್ತಿತ್ತು? ಕತ್ತಿಗೆ ಮಾತ್ರವಲ್ಲ; ಕಲ್ಲುಕುಟಿಗರ ಉಳಿಗೆ, ವಾದ್ಯಗಳ ತಂತಿಗೆ ಕೂಡ. ಚನ್ನಪಟ್ಟಣದಲ್ಲಿ ಉಕ್ಕಿನ ತಂತಿ ಎಳೆಯುವುದನ್ನೂ ಅವನು ವರ್ಣಿಸಿದ್ದಾನೆ. ನಂಜನಗೂಡಿನಲ್ಲಿ ಕಪಿಲೆಗೆ 1735ರಲ್ಲಿ ಕಟ್ಟಿದ ಕಲ್ಲುಸೇತುವೆಯ ಒಂದೊಂದು ಕಲ್ಲನ್ನೂ ಗಟ್ಟಿ ಮೊನೆಯ ಉಳಿಯಿಂದಲೇ ಕಡಿಯಬೇಕಿತ್ತು. ಆ ಉಳಿಗಳ ಬಗ್ಗೆ ನಮ್ಮ ಲೇಖನಗಳಲ್ಲಿ ಒಂದು ಸಾಲೂ ಕಾಣುವುದಿಲ್ಲ.

ಬುಕಾನನ್‌ನ ಮಿತಿಗಳನ್ನೂ ಹೇಳಬೇಕು. ಅವನು ದುಭಾಷಿಗಳ ಮೂಲಕ ಕೇಳಿದವನು. ಹೊಸದಾಗಿ ಕೈಸೇರಿದ ನಾಡಿನ ಆದಾಯ ಎಷ್ಟಾದೀತು ಎಂದು ತಿಳಿಯಲು ಕಂಪನಿ ಕಳಿಸಿದವನು. ಅವನು ಕೊಡುವ ಮಣ, ಸೇರು ಊರಿಂದ ಊರಿಗೆ ಬದಲಾಗುವ ಅಳತೆಗಳು. ಹಾಗೆಯೇ ಎತ್ತಿ ಕಿಲೋಗ್ರಾಮಿಗೆ ಪರಿವರ್ತಿಸಿದರೆ ತಪ್ಪುತ್ತದೆ. ಕುಲುಮೆಯ ಒಳಗಿನ ತಾಪ ಅಳೆಯುವ ಸಾಧನ ಅವನ ಬಳಿ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕಾಲದ ಯುರೋಪಿನ ಹಲವು ವೀಕ್ಷಕರಂತೆ ಅವನಿಗೂ ಇಲ್ಲಿಯ ಕುಲುಮೆ ಅಪೂರ್ಣವಾಗಿ ಕಂಡಿತು. ಅದಿರಿನ ಕಬ್ಬಿಣದ ದೊಡ್ಡ ಪಾಲು ಕಿಟ್ಟದಲ್ಲಿ ಹೋಗುತ್ತದೆ, ಇದು ವ್ಯರ್ಥ ಎಂಬ ಅಭಿಪ್ರಾಯ ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಮುಂದುವರಿಯಿತು. ಇದಕ್ಕೆ ಉತ್ತರವಾಗಿ ನಮ್ಮವರು ಬರೆದದ್ದು ಖಡ್ಗದ ಪ್ರಶಂಸೆ. ಆದರೆ ಆ ಆರೋಪಕ್ಕೆ ನಿಜವಾದ ಉತ್ತರ ಖಡ್ಗದಲ್ಲಿಲ್ಲ, ಕಿಟ್ಟದಲ್ಲಿಯೇ ಇದೆ.

'ವ್ಯರ್ಥ'ದ ಲೆಕ್ಕ

ಶುದ್ಧ ಕಬ್ಬಿಣ ಕರಗುವುದು 1538° ಸೆ.ನಲ್ಲಿ. ತಿದಿಯಿಂದ ಊದುವ ಮಣ್ಣಿನ ಕುಲುಮೆಯಲ್ಲಿ ಸಾಮಾನ್ಯವಾಗಿ ದೊರೆಯುವುದು 1100°–1300° ಸೆ. ಅಂದರೆ ಕಬ್ಬಿಣ ಅಲ್ಲಿ ಕರಗುವುದೇ ಇಲ್ಲ. ಇದ್ದಿಲಿನಿಂದ ಬಂದ ಕಾರ್ಬನ್ ಮಾನಾಕ್ಸೈಡ್ ಅನಿಲವು ಅದಿರಿನ ಆಮ್ಲಜನಕವನ್ನು ಕಸಿದುಕೊಳ್ಳುತ್ತದೆ. ಕಬ್ಬಿಣ ಘನಸ್ಥಿತಿಯಲ್ಲೇ ಕಣಕಣವಾಗಿ ಹುಟ್ಟಿ ಮುದ್ದೆಯಾಗುತ್ತದೆ. ಆದರೆ ಅದಿರಿನಲ್ಲಿರುವ ಸಿಲಿಕಾ, ಅಂದರೆ ಬೆಣಚಿನ ಅಂಶ, ಎಲ್ಲಿಗೆ ಹೋಗಬೇಕು? ಅದರ ಕರಗುಬಿಂದು 1700° ಸೆ.ಗೂ ಮೇಲೆ. ಅದು ಘನವಾಗಿಯೇ ಉಳಿದರೆ ಕಬ್ಬಿಣದ ಕಣಗಳು ಒಂದಕ್ಕೊಂದು ಕೂಡುವುದಿಲ್ಲ.

ಇಲ್ಲಿ ಕುಲುಮೆಯವನ ಸಹಾಯಕ್ಕೆ ಬರುವುದು ಫೆರಸ್ ಆಕ್ಸೈಡ್. ಇದರ ಎರಡು ಅಣುಗಳು ಸಿಲಿಕಾದ ಒಂದು ಅಣುವಿನೊಂದಿಗೆ ಸೇರಿದರೆ ಫಯಲೈಟ್ ಎಂಬ ಸಿಲಿಕೇಟ್ ಆಗುತ್ತದೆ. ಅದು ಸುಮಾರು 1205° ಸೆ.ನಲ್ಲಿ ಕರಗಿ ನೀರಿನಂತೆ ಇಳಿದುಹೋಗುತ್ತದೆ. ತಣಿದಾಗ ಅದೇ ನಮ್ಮ ಕಪ್ಪು, ಭಾರವಾದ ಕಿಟ್ಟ. ಸಿಲಿಕಾವನ್ನು ಹೊರಹಾಕಲು ಒಂದಿಷ್ಟು ಕಬ್ಬಿಣವನ್ನು ತೆರಿಗೆಯಂತೆ ಕೊಡಲೇಬೇಕು ಎಂದಾಯಿತು. ಇದು ಆ ತಾಪಮಾನದಲ್ಲಿ ಕೆಲಸ ಮಾಡುವ ಯಾವ ದೇಶದ ಕುಲುಮೆಗೂ ಅನ್ವಯಿಸುವ ನಿಯಮ. ಇಲ್ಲಿ ಕಮ್ಮಾರನ ಅಜ್ಞಾನದ ಮಾತು ಬರುವುದಿಲ್ಲ. ಸುಣ್ಣಕಲ್ಲನ್ನು ಬಳಸಿ ಈ ತೆರಿಗೆಯನ್ನು ತಪ್ಪಿಸುವ ಊದುಕುಲುಮೆಗೆ ಇನ್ನೂ ಹೆಚ್ಚಿನ ತಾಪ ಬೇಕು. ಅದರಲ್ಲಿ ಸಿಗುವುದು ಇಂಗಾಲ ತುಂಬಿದ, ಬಡಿದರೆ ಒಡೆಯುವ ಬೀಡುಕಬ್ಬಿಣ. ನೇಗಿಲ ಗುಳ ಬಡಿಯುವವನಿಗೆ ಅದು ನೇರವಾಗಿ ಉಪಯೋಗವಾಗದು.

ಈಗ ತರಗತಿಯಲ್ಲಿ ಮಾಡಬಹುದಾದ ಒಂದು ಲೆಕ್ಕ. ಫೆರಸ್ ಆಕ್ಸೈಡಿನ ಅಣುತೂಕ 72, ಸಿಲಿಕಾದ್ದು 60. ಆದ್ದರಿಂದ 60 ಕಿಗ್ರಾಂ ಸಿಲಿಕಾಕ್ಕೆ 144 ಕಿಗ್ರಾಂ ಫೆರಸ್ ಆಕ್ಸೈಡ್ ಬೇಕು. ಅದರಲ್ಲಿರುವ ಕಬ್ಬಿಣ 112 ಕಿಗ್ರಾಂ. ಮ್ಯಾಗ್ನೆಟೈಟ್ ಅದಿರಿನಲ್ಲಿ ಕಬ್ಬಿಣ ಶೇ. 72.4. ಕುಲುಮೆಗೆ 100 ಕಿಗ್ರಾಂ ಅದಿರು ಹಾಕಿದರು, ಅದರಲ್ಲಿ 20 ಕಿಗ್ರಾಂ ಸಿಲಿಕಾ, 80 ಕಿಗ್ರಾಂ ಮ್ಯಾಗ್ನೆಟೈಟ್ ಎಂದಿಟ್ಟುಕೊಳ್ಳಿ. ಒಟ್ಟು ಕಬ್ಬಿಣ ಸುಮಾರು 58 ಕಿಗ್ರಾಂ. ಕಿಟ್ಟಕ್ಕೆ ಹೋಗುವುದು 37 ಕಿಗ್ರಾಂ. ಕೈಗೆ ಸಿಗಬಹುದಾದ ಗರಿಷ್ಠ ಕಬ್ಬಿಣ 21 ಕಿಗ್ರಾಂ ಮಾತ್ರ.

ಅದೇ ಅದಿರನ್ನು ಕುಟ್ಟಿ, ತೊಳೆದು, ಸಿಲಿಕಾವನ್ನು ಶೇ. 5ಕ್ಕೆ ಇಳಿಸಿದರೆ? 100 ಕಿಗ್ರಾಂನಲ್ಲಿ ಒಟ್ಟು ಕಬ್ಬಿಣ ಸುಮಾರು 69 ಕಿಗ್ರಾಂ, ಕಿಟ್ಟಕ್ಕೆ 9, ಕೈಗೆ ಸುಮಾರು 60 ಕಿಗ್ರಾಂ. ಒಂದೇ ಕುಲುಮೆ, ಒಂದೇ ತಿದಿ, ಉತ್ಪನ್ನ ಮಾತ್ರ ಸುಮಾರು ಮೂರು ಪಟ್ಟು. ತೊರೆಯ ಕಪ್ಪು ಮರಳಿಗೆ ಏಕೆ ಅಷ್ಟು ಬೆಲೆ ಎಂಬುದು ಈಗ ಸ್ಪಷ್ಟವಾಯಿತಲ್ಲವೆ? ಹಗುರವಾದ ಬೆಣಚನ್ನು ಕೊಚ್ಚಿಕೊಂಡು ಹೋಗಿ ಭಾರವಾದ ಮ್ಯಾಗ್ನೆಟೈಟನ್ನು ಉಳಿಸುವ ಕೆಲಸವನ್ನು ಮಳೆಯೇ ಅರ್ಧ ಮಾಡಿರುತ್ತದೆ. ಉಳಿದರ್ಧ ಮಾಡಿದವರು ಮರಳು ತೊಳೆಯುವ ಕೂಲಿಗಳು. ಆ ಕಾಲದ ಲೋಹವಿದ್ಯೆಯ ಕೌಶಲ ಕಮ್ಮಾರನ ಸುತ್ತಿಗೆಯಲ್ಲಿ ಇದ್ದಷ್ಟೇ ಈ ತೊಳೆಯುವ ಕೈಗಳಲ್ಲಿಯೂ ಇತ್ತು.

ಕೋಲಾರದ ಸಂಗತಿಯೂ ಇದೇ. ಲೆಫ್ಟಿನೆಂಟ್ ಜಾನ್ ವಾರನ್ 1802ರಲ್ಲಿ ಊರುಗಾಂ, ಮಾರಿಕುಪ್ಪಂ ಸುತ್ತ ಕಂಡ ಚಿನ್ನದ ಕೆಲಸದಲ್ಲಿ ಗುಂಡಿಯಿಂದ ಕಲ್ಲುಮಣ್ಣನ್ನು ಬುಟ್ಟಿಗಳಲ್ಲಿ ಕೈಯಿಂದ ಕೈಗೆ ಮೇಲೆತ್ತುತ್ತಿದ್ದರು. ಅದನ್ನು ಕುಟ್ಟಿ ಪುಡಿ ಮಾಡುತ್ತಿದ್ದವರು ಹೆಂಗಸರು. ಲೋಹದ ಇತಿಹಾಸದಲ್ಲಿ ಕಮ್ಮಾರನಿಗೆ ಹೆಸರಿದೆ, ರಾಜನಿಗೆ ಕೀರ್ತಿಯಿದೆ. ಕುಟ್ಟಿ ತೊಳೆದವರಿಗೆ ಅವೆರಡೂ ಇಲ್ಲ. ಅವರ ದಾಖಲೆ ನೆಲದ ಮೇಲಿನ ರಾಶಿಗಳಲ್ಲಿ ಮಾತ್ರ ಉಳಿದಿದೆ.

ದೊಡ್ಡ ರಾಶಿ ಎಂದರೆ ದೊಡ್ಡ ಉದ್ಯಮವೇ?

ಮೇಲಿನ ಲೆಕ್ಕವನ್ನು ಇನ್ನೊಂದು ಹೆಜ್ಜೆ ಮುಂದುವರಿಸಿ. ಮೊದಲ ಉದಾಹರಣೆಯಲ್ಲಿ ಹುಟ್ಟಿದ ಕಿಟ್ಟ 68 ಕಿಗ್ರಾಂ, ಎರಡನೆಯದರಲ್ಲಿ 17 ಕಿಗ್ರಾಂ. ಅಂದರೆ ಒಂದು ಕಿಗ್ರಾಂ ಕಿಟ್ಟದ ಹಿಂದೆ ಮೊದಲನೆಯದರಲ್ಲಿ 0.3 ಕಿಗ್ರಾಂ ಕಬ್ಬಿಣ, ಎರಡನೆಯದರಲ್ಲಿ 3.5 ಕಿಗ್ರಾಂ. ವ್ಯತ್ಯಾಸ ಹತ್ತು ಪಟ್ಟಿಗೂ ಹೆಚ್ಚು! ಊರಾಚೆ 10 ಮೀಟರ್ ವ್ಯಾಸ, 1.5 ಮೀಟರ್ ಎತ್ತರದ ಶಂಕುವಿನಾಕಾರದ ರಾಶಿಯೊಂದಿದೆ ಎನ್ನಿ. ಗಾತ್ರ ಸುಮಾರು 39 ಘನ ಮೀಟರ್. ಅರ್ಧದಷ್ಟು ಮಣ್ಣು ಮತ್ತು ಖಾಲಿ ಜಾಗ ಎಂದು ಬಿಟ್ಟು, ಕಿಟ್ಟದ ಸಾಂದ್ರತೆಯನ್ನು ನೀರಿನ ಮೂರು ಪಟ್ಟು ಎಂದು ಹಿಡಿದರೆ ಸುಮಾರು 60 ಟನ್ ಕಿಟ್ಟ. ಅದರ ಹಿಂದಿನ ಕಬ್ಬಿಣ 18 ಟನ್ ಇರಬಹುದು, 200 ಟನ್ನೂ ಇರಬಹುದು. ಜೊತೆಗೆ ಕುಲುಮೆಯ ಮಣ್ಣಿನ ಗೋಡೆಯೂ ಕರಗಿ ಕಿಟ್ಟಕ್ಕೆ ಸೇರುತ್ತದೆ, ಇದ್ದಿಲಿನ ಬೂದಿಯೂ ಸೇರುತ್ತದೆ. ಆದ್ದರಿಂದ ನಿಜವಾದ ಇಳುವರಿ ಈ ಗರಿಷ್ಠ ಮಿತಿಗಿಂತ ಕಡಿಮೆಯೇ.

ಹಾಗಾಗಿ 'ಬೃಹತ್ ಕಿಟ್ಟದ ರಾಶಿ ಪತ್ತೆ. ಇದು ಕಬ್ಬಿಣದ ಮಹಾಕೇಂದ್ರವಾಗಿತ್ತು' ಎಂಬಂಥ ಬರಹವನ್ನು ಕಂಡಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ: ಅದಿರಿನಲ್ಲಿ ಸಿಲಿಕಾ ಎಷ್ಟಿತ್ತು? ಅದು ತಿಳಿಯದೆ ರಾಶಿಯ ಎತ್ತರದಿಂದ ವೈಭವವನ್ನು ಅಳೆಯಲಾಗದು. ಬಡ ಅದಿರೇ ದೊಡ್ಡ ರಾಶಿಯನ್ನು ಬಿಟ್ಟುಹೋಗುತ್ತದೆ.

ಮೂಸೆ ಬೇರೆ, ಕುಲುಮೆ ಬೇರೆ

ಜನಪ್ರಿಯ ಬರಹಗಳ ಇನ್ನೊಂದು ದೋಷ, ಕಿಟ್ಟ ಕಂಡಲ್ಲೆಲ್ಲ 'ವೂಟ್ಸ್ ಉಕ್ಕಿನ ತಾಣ' ಎಂದು ಬರೆಯುವುದು. ಅದಿರಿನಿಂದ ಕಬ್ಬಿಣ ತೆಗೆಯುವುದು ಒಂದು ಕ್ರಿಯೆ. ಆ ಕಬ್ಬಿಣವನ್ನು ಮುಚ್ಚಿದ ಮೂಸೆಯಲ್ಲಿ ಇಂಗಾಲದೊಂದಿಗೆ ಕಾಯಿಸಿ ಉಕ್ಕು ಮಾಡುವುದು ಬೇರೆ ಕ್ರಿಯೆ. ಸುಮಾರು ಶೇ. 1.5 ಇಂಗಾಲ ಹೀರಿದ ಕಬ್ಬಿಣ ಪೂರ್ತಿ ಕರಗಲು 1400° ಸೆ. ದಾಟಬೇಕು. ಆ ಉರಿಯಲ್ಲಿ ಗಂಟೆಗಟ್ಟಲೆ ಕುಸಿಯದೆ ನಿಲ್ಲುವ ಮೂಸೆಯೇ ಇಲ್ಲಿಯ ದೊಡ್ಡ ಸಾಧನೆ. ದಕ್ಷಿಣ ಭಾರತದ ಮೂಸೆಗಳ ಜೇಡಿಮಣ್ಣಿಗೆ ಭತ್ತದ ಹೊಟ್ಟು ಬೆರೆಸಿರುತ್ತಿದ್ದರು. ಹೊಟ್ಟು ಸುಟ್ಟು ಇಂಗಾಲ ಮತ್ತು ಸಿಲಿಕಾದ ಹಂದರವಾಗಿ ಗೋಡೆಗೆ ಬಲ ಕೊಡುತ್ತದೆ; ಚೂರಿನ ಒಳಗು ಕಪ್ಪಾಗಿ ಕಾಣುವುದು ಅದರಿಂದಲೇ. ಉಕ್ಕಿನ ತಾಣದಲ್ಲಿ ಸಿಗುವುದು ಇಂಥ ಮೂಸೆಯ ಚೂರುಗಳು ಮತ್ತು ಗಾಜಿನಂಥ ಅಲ್ಪ ಕಿಟ್ಟ. ಭಾರೀ ಕಪ್ಪು ಕಿಟ್ಟದ ರಾಶಿ ಸಾಮಾನ್ಯ ಕಬ್ಬಿಣದ ಕುಲುಮೆಯ ಗುರುತು.

ಈ ವ್ಯತ್ಯಾಸವನ್ನು ಹೇಗೆ ಸಾಧಿಸಿ ತೋರಿಸಬೇಕು ಎಂಬುದಕ್ಕೆ ಕರ್ನಾಟಕದ್ದೇ ಉತ್ತಮ ಮಾದರಿ ಇದೆ. ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯ ಮೂಸೆ ಉಕ್ಕನ್ನು ಕುರಿತು, ಕನ್ನಡ ಓದುಗರಿಗೆ ಚಿರಪರಿಚಿತರಾದ ಭೂವಿಜ್ಞಾನಿ ಟಿ. ಆರ್. ಅನಂತರಾಮು ಅವರು ಬ್ರಿಟಿಷ್ ಮ್ಯೂಸಿಯಮ್ಮಿನ ಪಾಲ್ ಕ್ರಾಡಕ್ ಮೊದಲಾದವರೊಂದಿಗೆ ಬರೆದ ಪ್ರಬಂಧ 1999ರಲ್ಲಿ ಬ್ರಿಟನ್ನಿನ ಲೋಹವಿದ್ಯಾ ಇತಿಹಾಸದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಲ್ಲಿ ವಾದ ನಿಂತಿರುವುದು ನೆಲದಲ್ಲಿ ಸಿಕ್ಕ ಚೂರುಗಳ ಮೇಲೆ. ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅವರು ವೂಟ್ಸ್ ಕುರಿತು 2004ರಲ್ಲಿ ಬೆಂಗಳೂರಿನಿಂದ ಹೊರತಂದ ಇಂಗ್ಲಿಷ್ ಪುಸ್ತಕ ಈ ವಿಷಯವನ್ನು ವಿಶಾಲ ಓದುಗರಿಗೆ ತಲುಪಿಸಿತು. ಅದರಲ್ಲಿ ತಾಣಗಳ ಶೋಧವೂ ಇದೆ, ಖಡ್ಗದ ಕೀರ್ತಿಯೂ ಇದೆ. ಅದನ್ನು ಆಧರಿಸಿ ಬರೆದ ಅನೇಕರು ಎರಡನೆಯದನ್ನು ಎತ್ತಿಕೊಂಡು ಮೊದಲನೆಯದನ್ನು ಬಿಟ್ಟರು. ಇದು ಪುಸ್ತಕದ ದೋಷಕ್ಕಿಂತ ಓದಿದವರ ದೋಷ.

ನ್ಯಾನೋ ಉತ್ಸಾಹ

2006ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ತಂಡವೊಂದು, ಹದಿನೇಳನೆಯ ಶತಮಾನದ ಡಮಾಸ್ಕಸ್ ಖಡ್ಗವೊಂದರ ತುಣುಕಿನಲ್ಲಿ ಇಂಗಾಲದ ನ್ಯಾನೋನಳಿಕೆಗಳನ್ನು ಕಂಡುದಾಗಿ ವರದಿ ಮಾಡಿತು. ಅದನ್ನು ಆಧರಿಸಿ 'ನಮ್ಮ ಪೂರ್ವಿಕರಿಗೆ ನ್ಯಾನೋತಂತ್ರಜ್ಞಾನ ತಿಳಿದಿತ್ತು' ಎಂದು ಶಾಲೆಯ ಭಾಷಣಗಳಲ್ಲಿಯೂ ಕೇಳಿಬರುತ್ತದೆ. ಪರೀಕ್ಷಿಸಿದ್ದು ಒಂದು ಖಡ್ಗದ ತುಣುಕು. ಆ ಖಡ್ಗದ ಉಕ್ಕನ್ನು ಕರ್ನಾಟಕದ ಯಾವುದೇ ಕುಲುಮೆಗೆ ಜೋಡಿಸುವ ಸಾಕ್ಷ್ಯ ಅಲ್ಲಿಲ್ಲ. ಒಲೆಯ ಮಸಿಯಲ್ಲಿಯೂ ನ್ಯಾನೋಮೀಟರ್ ಗಾತ್ರದ ಇಂಗಾಲದ ಕಣಗಳಿರುತ್ತವೆ. ಅಡುಗೆ ಮಾಡಿದವರನ್ನು ನಾವು ನ್ಯಾನೋತಂತ್ರಜ್ಞರೆನ್ನುವುದಿಲ್ಲ.

ಇದಕ್ಕಿಂತ ಪಾಠಕ್ಕೆ ಒದಗುವುದು 1998ರಲ್ಲಿ ಅಮೆರಿಕದ ವರ್ಹೂವನ್, ಪೆಂಡ್ರೆ ಮತ್ತು ಡೌಕ್ಷ್ ಪ್ರಕಟಿಸಿದ ಕೆಲಸ. ಖಡ್ಗದ ಮೇಲಿನ ಅಲೆಯಂಥ ವಿನ್ಯಾಸ ಮೂಡಲು ವೆನೇಡಿಯಂನಂಥ ಧಾತುಗಳು ಅತ್ಯಲ್ಪ ಪ್ರಮಾಣದಲ್ಲಿ ಇರಬೇಕು ಎಂದು ಅವರು ಪ್ರಯೋಗದಿಂದ ತೋರಿಸಿದರು. ಆ ಧಾತು ಬರುವುದು ಅದಿರಿನಿಂದ. ಅಂದರೆ ಖಡ್ಗದ ಸೊಬಗಿನ ಪ್ರಶ್ನೆ ಕೂಡ ಕೊನೆಗೆ ಗಣಿಗೆ, ತೊರೆಯ ಮರಳಿಗೆ, ಕಿಟ್ಟದ ರಾಶಿಗೆ ಬಂದು ನಿಲ್ಲುತ್ತದೆ. ಅದಿರಿನ ಅಲ್ಪಾಂಶ ಧಾತುಗಳ ಗುರುತು ಕಿಟ್ಟದಲ್ಲಿ ಉಳಿದಿರುತ್ತದೆ. ರಾಶಿಯನ್ನು ಕಳೆದುಕೊಂಡರೆ ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳುವ ದಾರಿಯೇ ಮುಚ್ಚುತ್ತದೆ.

ಎರಡು ತಾಲ್ಲೂಕು, ಎರಡು ಬಗೆಯ ಗಮನ

ತಿರುಮಕೂಡಲಿನಲ್ಲಿ 1959ರಿಂದ 1965ರ ನಡುವೆ ಎಂ. ಶೇಷಾದ್ರಿ ಅವರ ನೇತೃತ್ವದಲ್ಲಿ ನಡೆದ ಉತ್ಖನನ ನವಶಿಲಾಯುಗದ ಸಮಾಧಿಗಳನ್ನೂ ಮಡಕೆಗಳನ್ನೂ ಬೆಳಕಿಗೆ ತಂದಿತು. ವರದಿ 1971ರಲ್ಲಿ ಹೊರಬಂತು. ಕಾವೇರಿ–ಕಪಿಲೆಗಳ ಸಂಗಮದ ಆ ತಾಣ ದಕ್ಷಿಣ ಭಾರತದ ಪ್ರಾಗಿತಿಹಾಸದ ಪುಸ್ತಕಗಳಲ್ಲಿ ಸ್ಥಾನ ಪಡೆದಿದೆ. ಸಾವಿರಾರು ವರ್ಷ ಹಳೆಯದಕ್ಕೆ ಸಿಕ್ಕ ಈ ಗಮನ ಇನ್ನೂರು–ಮುನ್ನೂರು ವರ್ಷ ಹಳೆಯ ಕುಲುಮೆಗಳಿಗೆ ನಾಡಿನಲ್ಲಿ ಸಿಗಲಿಲ್ಲ. ಪುರಾತತ್ವದವರಿಗೆ ಅದು ತೀರ ಹೊಸದು, ಎಂಜಿನಿಯರಿಗೆ ತೀರ ಹಳೆಯದು. ಆದರೆ 1958ರ ಸ್ಮಾರಕಗಳ ಕಾಯಿದೆಯಾಗಲಿ 1972ರ ಪ್ರಾಚ್ಯವಸ್ತುಗಳ ಕಾಯಿದೆಯಾಗಲಿ ಸಾಮಾನ್ಯವಾಗಿ ಕೇಳುವುದು ನೂರು ವರ್ಷದ ವಯಸ್ಸನ್ನು ಮಾತ್ರ. ಬುಕಾನನ್ ಕಾಲದ ಕಿಟ್ಟ ಆ ಪರೀಕ್ಷೆಯಲ್ಲಿ ಸುಲಭವಾಗಿ ತೇರ್ಗಡೆಯಾಗುತ್ತದೆ. ಅಧಿಸೂಚನೆಯಿಲ್ಲದೆ ರಕ್ಷಣೆ ತಾನಾಗಿ ಬರುವುದಿಲ್ಲ ಎಂಬುದು ಬೇರೆ ಮಾತು. ರಸ್ತೆಗೆ ತುಂಬುವ ಜಲ್ಲಿಯಾಗಿ, ಹೊಲದ ಬದುವಿನ ಕಲ್ಲಾಗಿ ರಾಶಿ ಕರಗಲು ಒಂದು ಬೇಸಗೆ ಸಾಕು. ಹಳೆಯ ಕಿಟ್ಟವನ್ನೇ 'ಮಂಡೂರ' ಎಂದು ಕರೆದು, ನೂರು ವರ್ಷ ಹಳೆಯದು ಉತ್ತಮ ಎಂದು ಔಷಧಿಗೆ ಆರಿಸಿಕೊಂಡ ಪರಂಪರೆ ನಮ್ಮದು ಎಂಬುದನ್ನು ನೆನೆದರೆ ಈ ಉದಾಸೀನ ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ.

ಈ ಭಾಗದ ಶಿಕ್ಷಕರಿಗೆ ಒಂದು ಎಚ್ಚರಿಕೆ. ಮೈಸೂರು–ನಂಜನಗೂಡು ಸೀಮೆಯಲ್ಲಿ ಸಿಂಧುವಳ್ಳಿ, ತಾಳೂರಿನ ಕ್ರೋಮೈಟ್, ದೊಡ್ಡಕಾನ್ಯದ ಮ್ಯಾಗ್ನೆಸೈಟ್, ಚಿನ್ನದ ಶೋಧ ನಡೆದ ಅಂಬಳೆ–ವಳಗೆರೆ, ಹೀಗೆ ಖನಿಜಗಳ ಹೆಸರುಗಳು ಹಲವಿವೆ. ಕ್ರೋಮೈಟ್, ಮ್ಯಾಗ್ನೆಸೈಟ್ ಗಣಿಗಳು ಇಪ್ಪತ್ತನೆಯ ಶತಮಾನದವು. ಗುಂಡಿ ಕಂಡೊಡನೆ 'ಪ್ರಾಚೀನ ಗಣಿ' ಎನ್ನಬೇಡಿ. ಬಂಡೆಯಲ್ಲಿ ನೇರವಾದ ಅರ್ಧಕೊಳವೆಯಂಥ ಗೆರೆಗಳಿದ್ದರೆ ಅದು ಬೈರಿಗೆ ಕೊರೆದು ಮದ್ದು ಸಿಡಿಸಿದ ಗುರುತು. ಬೆಂಕಿ ಹಾಕಿ ಬಂಡೆ ಸೀಳಿದ ಹಳೆಯ ಪದ್ಧತಿಯಲ್ಲಿ ಗೋಡೆ ನಯವಾಗಿ, ಬೋಗುಣಿಯಂತೆ ಬಾಗಿರುತ್ತದೆ. ಹತ್ತಿರದಲ್ಲಿ ಇದ್ದಿಲಿನ ಚೂರು ಸಿಗಬಹುದು. ಬಂಡೆಯ ಮೇಲಿನ ಒರಳುಗುಳಿ ಅದಿರು ಕುಟ್ಟಿದ್ದೂ ಇರಬಹುದು, ರಾಗಿ ಕುಟ್ಟಿದ್ದೂ ಇರಬಹುದು.

ಕಿಟ್ಟವೆಂದು ತೋರುವ ಕಲ್ಲು ಕಂಡರೆ ಮಾಡಬಹುದಾದ ಸರಳ ಪರೀಕ್ಷೆಗಳಿವೆ. ಹರಿದು ಹೆಪ್ಪುಗಟ್ಟಿದ ಮಡಿಕೆಗಳು, ಗಾಳಿಗುಳ್ಳೆಗಳು ಕಾಣುತ್ತವೆಯೆ ನೋಡಿ. ಬುಗ್ಗೆತಕ್ಕಡಿಯಲ್ಲಿ ಗಾಳಿಯಲ್ಲೂ ನೀರಲ್ಲೂ ತೂಗಿ ಸಾಂದ್ರತೆ ಕಂಡುಹಿಡಿಯಿರಿ; ಆರ್ಕಿಮಿಡೀಸ್ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಬೇಕೆ? ಕಾಂತವನ್ನು ಹಿಡಿಯಿರಿ. ಫಯಲೈಟ್ ಅನ್ನು ಸಾಧಾರಣ ಕಾಂತ ಎಳೆಯದು. ಬಲವಾಗಿ ಎಳೆದರೆ ಒಳಗೆ ಲೋಹದ ಕಬ್ಬಿಣವೋ ಮ್ಯಾಗ್ನೆಟೈಟೋ ಸಿಕ್ಕಿಕೊಂಡಿದೆ ಎಂದರ್ಥ. ಇಷ್ಟನ್ನೂ ಅಲ್ಲಿಯೇ ಮಾಡಿ, ತುಂಡನ್ನು ಅದೇ ಜಾಗದಲ್ಲಿ ಇಡಿ. ಅಗೆಯಬೇಡಿ, ಶಾಲೆಯ ಕಪಾಟಿಗೆ ತರಬೇಡಿ. ಅಳತೆಪಟ್ಟಿ ಇಟ್ಟು ಚಿತ್ರ ತೆಗೆದು, ಅಕ್ಷಾಂಶ ರೇಖಾಂಶ ಬರೆದು, ಹೊಲದ ಯಜಮಾನರ ಒಪ್ಪಿಗೆ ಪಡೆದು, ಮೈಸೂರಿನಲ್ಲೇ ಕೇಂದ್ರ ಕಚೇರಿ ಇರುವ ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಊರಿನ ಹಿರಿಯರು ಆ ಹೊಲವನ್ನು ಏನೆಂದು ಕರೆಯುತ್ತಾರೆ ಎಂದೂ ಬರೆದುಕೊಳ್ಳಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಹಡಗಿನಲ್ಲಿ ಬಂದ ಅಗ್ಗದ ಕಬ್ಬಿಣವೂ ಕಾಡಿನ ಮೇಲೆ ಬಿದ್ದ ನಿರ್ಬಂಧಗಳೂ ಈ ಕುಲುಮೆಗಳನ್ನು ಆರಿಸಿದವು. 1923ರಲ್ಲಿ ಭದ್ರಾವತಿಯ ಊದುಕುಲುಮೆ ಹೊತ್ತಿದಾಗ ಅದೂ ಉರಿದದ್ದು ಇದ್ದಿಲಿನಿಂದಲೇ. ನಡುವೆ ಏನಾಯಿತು ಎಂಬ ಕಥೆಯನ್ನು ಹೇಳಲು ಖಡ್ಗಗಳು ಸಾಲವು. ಅವು ಉಳಿದಿರುವುದು ದೂರದ ಸಂಗ್ರಹಾಲಯಗಳಲ್ಲಿ. ಕಿಟ್ಟವಾದರೋ ಹೊಲದ ಬದಿಯಲ್ಲೇ ಇದೆ, ವಿದ್ಯಾರ್ಥಿ ತೂಗಬಹುದು, ಅಳೆಯಬಹುದು, ಲೆಕ್ಕ ಹಾಕಿ ತಪ್ಪಿದರೆ ಮತ್ತೆ ಹಾಕಬಹುದು. ಲೋಹವಿದ್ಯೆಯ ಬಗ್ಗೆ ಮುಂದಿನ ಪಾಠ ಮಾಡುವಾ��, ಡಮಾಸ್ಕಸ್ಸಿನ ಹೆಸರನ್ನು ಹೇಳುವ ಮೊದಲು, ಕರಿಹಲಗೆಯ ಮೇಲೆ 60, 144, 112 ಎಂಬ ಮೂರು ಸಂಖ್ಯೆಗಳನ್ನು ಬರೆಯಿರಿ.